ಹೊಸ ಡಿಸ್ಕಿಗೆ ಪಟ್ಟ ಕಟ್ಟುವ ಮುನ್ನ

ಕಪ್ಪು ಪರದೆ. ಎಡಗಡೆ ಮೇಲ್ತುದಿಯಲ್ಲಿ ಬಿಳಿ ಅಕ್ಷರದ ಒಂದೇ ಸಾಲು: 'ರೀಬೂಟ್ ಆ್ಯಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್'. ಕಂಪ್ಯೂಟರ್ ರಿಪೇರಿ ಅಂಗಡಿಗಳಿಗೆ ಇದು ಹಳೆಯ ಗಿರಾಕಿ. ಅದರ ಹಿಂದಿನ ಕಥೆಯೂ ಬಹುಮಟ್ಟಿಗೆ ಒಂದೇ. ತೆವಳುತ್ತಿದ್ದ ಪಿಸಿಗೆ ಹೊಸ ಎಸ್‌ಎಸ್‌ಡಿ ತಂದು, ಅದರಲ್ಲಿ ವಿಂಡೋಸ್ ಹಾಕಿದ್ದಾಯಿತು. ಬಟನ್ ಒತ್ತಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಡೆಸ್ಕ್‌ಟಾಪ್ ಸಿದ್ಧ; ಮನೆಮಂದಿಗೆಲ್ಲ ಖುಷಿ. ಕೆಲವು ವಾರ ಕಳೆದ ಮೇಲೆ, ಇನ್ನು ಹಳೆಯದರ ಗೊರಗೊರ ಯಾಕೆ ಎಂದು ಹಾರ್ಡ್ ಡಿಸ್ಕನ್ನು ಬಿಚ್ಚುತ್ತಾರೆ. ಮರುಕ್ಷಣ ಈ ಸಾಲು ಪ್ರತ್ಯಕ್ಷ.

ಅಂಗಡಿಯಲ್ಲಿ ನಡೆಯುವ ಮಾತುಕತೆ ಹೀಗಿರುತ್ತದೆ:

"ಸಾರ್, ವಿಂಡೋಸ್ ಹೊಸ ಡಿಸ್ಕಲ್ಲೇ ಇದೆ. ನಾನೇ ಕಣ್ಣಾರೆ ನೋಡಿದೀನಿ. ಹಳೇದನ್ನ ತೆಗೆದ್ರೆ ಯಾಕೆ ಏಳ್ತಿಲ್ಲ?"

"ವಿಂಡೋಸ್ ಹಾಕುವಾಗ ಹಳೇ ಡಿಸ್ಕಿನ ಕೇಬಲ್ ಬಿಚ್ಚಿದ್ರಾ?"

"ಇಲ್ಲ, ಎರಡೂ ಹಾಕೇ ಇತ್ತು."

"ಹಾಗಾದ್ರೆ ಬೂಟ್ ಹಳೇದರಲ್ಲೇ ಕೂತಿದೆ. ಎರಡನ್ನೂ ತಗೊಂಡು ಬನ್ನಿ."

ಸಂಗತಿ ಇಷ್ಟೇ. ವಿಂಡೋಸ್ ಇನ್‌ಸ್ಟಾಲ್ ಮಾಡುವಾಗ ನಾವು ಆರಿಸುವುದು ವಿಂಡೋಸ್ ಎಲ್ಲಿ ಕೂರಬೇಕು ಎಂಬುದನ್ನು ಮಾತ್ರ. ಅದನ್ನು ಎಬ್ಬಿಸುವ ಪುಟ್ಟ ತಂತ್ರಾಂಶವಾದ ಬೂಟ್‌ಲೋಡರ್ ಎಲ್ಲಿರಬೇಕು ಎಂದು ಇನ್‌ಸ್ಟಾಲರ್ ನಮ್ಮನ್ನು ಕೇಳುವುದೇ ಇಲ್ಲ. ಮೊದಲಿನಿಂದ ಇರುವ ಡಿಸ್ಕಿನಲ್ಲಿ ಬೂಟ್ ಪಾರ್ಟಿಷನ್ ಕಣ್ಣಿಗೆ ಬಿದ್ದರೆ, ಇನ್ನೊಂದನ್ನು ಮಾಡುವ ಗೋಜಿಗೆ ಹೋಗದೆ ಸಾಮಾನ್ಯವಾಗಿ ಅಲ್ಲಿಗೇ ತನ್ನ ಕಡತಗಳನ್ನು ಸೇರಿಸಿಬಿಡುತ್ತದೆ. ಹೊಸ ಮನೆಗೆ ಸಂಸಾರವನ್ನೆಲ್ಲ ಸಾಗಿಸಿ, ಬೀಗದ ಕೈಯನ್ನು ಹಳೇ ಮನೆಯ ಗೂಡಿನಲ್ಲೇ ಬಿಟ್ಟುಬಂದ ಹಾಗೆ. ಎರಡೂ ಡಿಸ್ಕ್ ಒಳಗಿರುವವರೆಗೆ ಯಾರಿಗೂ ಅನುಮಾನ ಬರುವುದಿಲ್ಲ. ಇದು ವಿಂಡೋಸ್ ಒಂದರ ದೋಷವಲ್ಲ. ಉಬುಂಟುವಿನ ಹಿಂದಿನ ಇನ್‌ಸ್ಟಾಲರಿಗೂ ಇಂಥದೇ ಚಾಳಿಯಿತ್ತು. ಬೂಟ್‌ಲೋಡರ್ ಎರಡನೇ ಡಿಸ್ಕಿಗೆ ಹೋಗಲಿ ಎಂದು ಬೆರಳಿಟ್ಟು ತೋರಿಸಿದರೂ ಅದು ಮೊದಲ ಡಿಸ್ಕಿಗೇ ಬರೆದು ಕೈತೊಳೆದುಕೊಳ್ಳುತ್ತಿತ್ತು.

ಹಾಗಾಗಿ ಎರಡನೇ ಡಿಸ್ಕನ್ನು ಬೂಟ್ ಡಿಸ್ಕ್ ಮಾಡುವ ಕೆಲಸದಲ್ಲಿ ನನ್ನ ಮಟ್ಟಿಗೆ ನಿಯಮ ಒಂದೇ. ಹೊಸದಕ್ಕೆ ಓಎಸ್ ಹಾಕುವಷ್ಟು ಹೊತ್ತು ಹಳೆಯದರ ಕೇಬಲ್ ಕಳಚಿಡಬೇಕು. ಪಿಸಿಯಲ್ಲಿ ಎರಡು ಡಿಸ್ಕ್ ಇದ್ದರೆ ಒಂದರ ಹಂಗಿಲ್ಲದೆ ಇನ್ನೊಂದು ಏಳುವಂತಿರಬೇಕು. ಉಳಿದದ್ದೆಲ್ಲ ವಿವರ, ನಿಜ. ಆದರೆ ಈ ನಿಯಮ ಗೊತ್ತಿದ್ದವರೂ ವಿವರಗಳಲ್ಲಿ ಮುಗ್ಗರಿಸುತ್ತಾರೆ.

ಪವರ್ ಬಟನ್ ಒತ್ತಿದ ಕ್ಷಣದಲ್ಲಿ ಕಂಪ್ಯೂಟರಿಗೆ ವಿಂಡೋಸ್, ಲಿನಕ್ಸ್ ಒಂದೂ ಗೊತ್ತಿರುವುದಿಲ್ಲ. ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಫರ್ಮ್‌ವೇರ್ (ಹಳೆಯ ಪದ್ಧತಿಯಲ್ಲಿ ಇದರ ಹೆಸರು ಬಯೋಸ್) ಮೊದಲು ಎದ್ದು, ರ್‍ಯಾಮ್ ಇದೆಯೇ, ಕೀಬೋರ್ಡ್ ಇದೆಯೇ ಎಂದು ತಡಕಾಡಿ, ಆಮೇಲೆ ಬೂಟ್ ಮಾಡಬಲ್ಲ ಡಿಸ್ಕನ್ನು ಹುಡುಕುತ್ತದೆ. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಫ್ಲಾಪಿ ತುರುಕಿ ಎಬ್ಬಿಸಬೇಕಿತ್ತು. 1983ರ ಪಿಸಿ ಎಕ್ಸ್‌ಟಿ 10 ಎಂಬಿಯ ಹಾರ್ಡ್ ಡಿಸ್ಕ್ ಹೊತ್ತು ಬಂತು. ಅದರ ಜೊತೆಗಿದ್ದ ಡಾಸ್ 2.0 ಕಾಲದಲ್ಲಿ ಆದ ಏರ್ಪಾಡಿಗೆ ಎಂಬಿಆರ್ ಎಂದು ಹೆಸರು. ಡಿಸ್ಕಿನ ಮೊಟ್ಟಮೊದಲ ಸೆಕ್ಟರ್ 512 ಬೈಟ್‌ನದು. ಅದರಲ್ಲಿ 446 ಬೈಟ್ ಬೂಟ್ ಕೋಡಿಗೆ, 64 ಬೈಟ್ ನಾಲ್ಕು ಪಾರ್ಟಿಷನ್ನುಗಳ ಪಟ್ಟಿಗೆ, ಕೊನೆಯ 2 ಬೈಟ್ 'ಇದು ಬೂಟ್ ಆಗುವ ಡಿಸ್ಕು' ಎಂಬ ಗುರುತಿಗೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಹಿಡಿಯುತ್ತದೆ. ಆ ಲೆಕ್ಕದಲ್ಲಿ 446 ಬೈಟಿನೊಳಗೆ ಕನ್ನಡದ ಎರಡು-ಮೂರು ವಾಕ್ಯ ಬರೆದರೆ ಜಾಗ ಮುಗಿಯಿತು. ಅಷ್ಟೇ ಜಾಗದ ಕೋಡನ್ನು ನೆಚ್ಚಿಕೊಂಡು ಪ್ರಪಂಚದ ಪಿಸಿಗಳು ದಶಕಗಳ ಕಾಲ ಬೆಳಗ್ಗೆ ಏಳುತ್ತಿದ್ದವು.

ಆ ಕಾಲದಲ್ಲಿ ಎರಡನೇ ಡಿಸ್ಕ್ ಹಾಕುವುದು ಬೆರಳ ತುದಿಯ ಕಸರತ್ತಾಗಿತ್ತು. ಅಗಲವಾದ ಬೂದು ಬಣ್ಣದ ರಿಬ್ಬನ್ ಕೇಬಲಿಗೆ ಎರಡು ಡಿಸ್ಕ್ ಸಿಕ್ಕಿಸಿ, ಡಿಸ್ಕಿನ ಬೆನ್ನಲ್ಲಿದ್ದ ಪಿನ್ನುಗಳ ಮೇಲೆ ಮೆಕ್ಕೆಜೋಳದ ಕಾಳಿಗಿಂತ ಚಿಕ್ಕ ಜಂಪರ್ ಕೂರಿಸಿ, ಯಾವುದು ಮಾಸ್ಟರ್, ಯಾವುದು ಸ್ಲೇವ್ ಎಂದು ನಿಗದಿ ಮಾಡಬೇಕಿತ್ತು. ಜಂಪರ್ ಕೆಳಗೆ ಬಿದ್ದರೆ ಟಾರ್ಚ್ ಹಿಡಿದು ಮೇಜಿನಡಿ ತೆವಳುವುದೂ ಕೆಲಸದ ಭಾಗ. ಸಾಟಾ ಬಂದ ಮೇಲೆ ಆ ತಾಪತ್ರಯ ಹೋಯಿತು: ಒಂದು ಡಿಸ್ಕಿಗೆ ಒಂದು ಕೇಬಲ್, ಹಿರಿಯ-ಕಿರಿಯರ ಪಂಕ್ತಿಭೇದವಿಲ್ಲ.

ಎಂಬಿಆರ್‌ಗೆ ಇನ್ನೊಂದು ಮಿತಿಯೂ ಇತ್ತು. ಸೆಕ್ಟರುಗಳನ್ನು ಅದು 32 ಬಿಟ್ ಸಂಖ್ಯೆಯಲ್ಲಿ ಎಣಿಸುವುದರಿಂದ ಸುಮಾರು 2.2 ಟಿಬಿಗಿಂತ ಆಚೆಗಿನದು ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಇಂಟೆಲ್ ತನ್ನ ಇಟಾನಿಯಂ ಯಂತ್ರಗಳಿಗೆಂದು ರೂಪಿಸಿದ ಹೊಸ ಬಗೆಯ ಫರ್ಮ್‌ವೇರ್ ಇಎಫ್‌ಐ ಮುಂದೆ, 2005ರಲ್ಲಿ, ಹಲವು ಕಂಪನಿಗಳ ಕೂಟದ ಕೈಗೆ ಬಂದು ಯುಇಎಫ್‌ಐ ಆಯಿತು. ಜೊತೆಗೆ ಬಂದದ್ದು ಜಿಪಿಟಿ. ನಾವು ಹರಟೆ ಹೊಡೆಯುವ ಜಿಪಿಟಿ ಅಲ್ಲ, ಡಿಸ್ಕಿನ ಪಾರ್ಟಿಷನ್ನುಗಳ ಹೊಸ ಪಟ್ಟಿ. ಇದರ ಒಂದು ಪ್ರತಿ ಡಿಸ್ಕಿನ ಆರಂಭದಲ್ಲೂ ಇನ್ನೊಂದು ಕೊನೆಯಲ್ಲೂ ಇರುತ್ತದೆ. ಒಂದು ಕೆಟ್ಟರೆ ಮತ್ತೊಂದಿದೆ. ಈ ಪದ್ಧತಿಯಲ್ಲಿ ಬೂಟ್‌ಲೋಡರ್ ಗುಟ್ಟಾದ ಸೆಕ್ಟರಿನಲ್ಲಿ ಅಡಗಿ ಕೂರುವುದಿಲ್ಲ. ಇಎಫ್‌ಐ ಸಿಸ್ಟಂ ಪಾರ್ಟಿಷನ್ ಎಂಬ ಚಿಕ್ಕ ಕೋಣೆಯಲ್ಲಿ ಮಾಮೂಲಿ ಕಡತವಾಗಿ ಇರುತ್ತದೆ. ವಿಂಡೋಸ್ ಮಾಡಿಕೊಳ್ಳುವ ಈ ಪಾರ್ಟಿಷನ್ ಬಹಳ ಸಲ 100 ಎಂಬಿ ಮಾತ್ರ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಸಣ್ಣ ಪಟ್ಟಿಯಾಗಿ ಕಾಣುತ್ತದೆ. ಹೊಸ ಎಸ್‌ಎಸ್‌ಡಿಯ ಸಾಲಿನಲ್ಲಿ ಆ ಪಟ್ಟಿ ಇಲ್ಲದೆ ಹಳೆಯ ಡಿಸ್ಕಿನ ಸಾಲಿನಲ್ಲಿ ಮಾತ್ರ ಇದ್ದರೆ, ಬೀಗದ ಕೈ ಎಲ್ಲಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಷ್ಟೆಲ್ಲ ಯಾತಕ್ಕೆ, ಇರುವ ಡಿಸ್ಕಿನಲ್ಲೇ ಹೊಸದಾಗಿ ವಿಂಡೋಸ್ ಹಾಕಿದರಾಗದೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಆದರೆ ವೇಗ ಬರುವುದಿಲ್ಲ. ಹಾರ್ಡ್ ಡಿಸ್ಕಿನ ಹಣೆಬರಹ ಅದರ ತಿರುಗುವಿಕೆಯಲ್ಲೇ ಇದೆ. ನಿಮಿಷಕ್ಕೆ 7,200 ಸುತ್ತು ಎಂದರೆ ಸೆಕೆಂಡಿಗೆ 120. ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಮಾಹಿತಿ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮೊದಲು ಹೆಡ್ಡು ಸರಿಯಾದ ಟ್ರ್ಯಾಕಿಗೆ ಸರಿಯಬೇಕು. ಚೆಲ್ಲಾಪಿಲ್ಲಿಯಾಗಿ ಬಿದ್ದಿರುವ ಕಡತದ ತುಣುಕುಗಳನ್ನು ಹೆಕ್ಕುವುದಾದರೆ ಸೆಕೆಂಡಿಗೆ ನೂರರ ಆಸುಪಾಸು, ಅಷ್ಟೇ. ವಿಂಡೋಸ್ ಏಳುವಾಗ ಓದುವುದು ಇಂಥ ಸಾವಿರಾರು ತುಣುಕುಗಳನ್ನೇ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಅಲೆಯುವ ಹೆಡ್ಡೂ ಇಲ್ಲ. ಸೆಕೆಂಡಿಗೆ ಹತ್ತಾರು ಸಾವಿರ ತುಣುಕು ಓದುತ್ತದೆ. ಆದ್ದರಿಂದ ಹಳೆಯ ಬೋರ್ಡಿನಲ್ಲಿ ಸಾಟಾ-2 ಪೋರ್ಟ್ ಮಾತ್ರ ಇದ್ದರೂ ಹಿಂಜರಿಯಬೇಕಿಲ್ಲ. ಡಬ್ಬಿಯ ಮೇಲೆ ಬರೆದ ಗರಿಷ್ಠ ವೇಗ ಸಿಗದಿದ್ದರೂ ಹುಡುಕಾಟದ ಕಾಯುವಿಕೆ ತಪ್ಪುತ್ತದೆ. ಓಎಸ್ ಎಸ್‌ಎಸ್‌ಡಿಯಲ್ಲಿ, ಮದುವೆ ವಿಡಿಯೊ, ಫೋಟೊ, ಹಾಡು ಹಾರ್ಡ್ ಡಿಸ್ಕಿನಲ್ಲಿ. ಹಳೆಯ ಡೆಸ್ಕ್‌ಟಾಪಿಗೆ ಇದಕ್ಕಿಂತ ಒಳ್ಳೆಯ ಚಿಕಿತ್ಸೆ ನನಗೆ ಗೊತ್ತಿಲ್ಲ.

ಕೊಳ್ಳುವಾಗ ಒಂದು ಎಚ್ಚರ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ನಿಂತು 'ಒಂದು ಎಸ್‌ಎಸ್‌ಡಿ ಕೊಡಿ' ಎಂದರೆ, 'ಯಾವುದು' ಎಂಬ ಮರುಪ್ರಶ್ನೆ ಬರಬೇಕು; ಬರದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ಎಂ.2 ಆಕಾರದ ತೆಳು ಪಟ್ಟಿಗಳಲ್ಲಿ ಸಾಟಾದ್ದೂ ಇದೆ, ಎನ್‌ವಿಎಂಇದ್ದೂ ಇದೆ, ನೋಡಲು ಅಣ್ಣತಮ್ಮಂದಿರು. ಹತ್ತು-ಹನ್ನೆರಡು ವರ್ಷ ಹಿಂದಿನ ಬಹಳಷ್ಟು ಬೋರ್ಡುಗಳಿಗೆ ಎನ್‌ವಿಎಂಇಯಿಂದ ಬೂಟ್ ಮಾಡಲು ಬರುವುದಿಲ್ಲ. ಪಿಸಿಐಇ ಸ್ಲಾಟಿಗೆ ಅಡಾಪ್ಟರ್ ಕಾರ್ಡ್ ಹಾಕಿ ಕೂರಿಸಿದರೆ ವಿಂಡೋಸ್ ಒಳಗೆ ಡಿಸ್ಕ್ ಕಾಣುತ್ತದೆ, ಬೂಟ್ ಪಟ್ಟಿಯಲ್ಲಿ ಮಾತ್ರ ನಾಪತ್ತೆ. ಅಂಥ ಯಂತ್ರಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿಯೇ ಸರಿ.

ಇನ್ನು ಕ್ಯಾಬಿನೆಟ್ ಬಿಚ್ಚೋಣ. ಸ್ವಿಚ್ ಆಫ್ ಮಾಡಿದರೆ ಸಾಲದು, ಹಿಂದಿನ ಪವರ್ ಕಾರ್ಡನ್ನೇ ಕಿತ್ತು, ಪವರ್ ಬಟನ್ನನ್ನು ಒಮ್ಮೆ ಒತ್ತಿ ಒಳಗುಳಿದ ಕರೆಂಟು ಖಾಲಿಯಾಗಲು ಬಿಡಿ. ಕ್ಯಾಬಿನೆಟ್ಟಿನ ತಗಡನ್ನು ಬರಿಗೈಯಲ್ಲಿ ಮುಟ್ಟಿ, ಆಮೇಲೆ ಒಳಗೆ ಕೈಹಾಕಿ. ಡಿಸ್ಕಿನ ಬೆನ್ನಿಗೆ ಎರಡು ಕನೆಕ್ಟರ್: ಕಿರಿದಾದದ್ದು ಡೇಟಾಗೆ, ಅಗಲವಾದದ್ದು ಪವರಿಗೆ. ಎರಡರ ತುದಿಯೂ ಇಂಗ್ಲಿಷಿನ ಎಲ್ ಆಕಾರದಲ್ಲಿ ಬಾಗಿರುವುದರಿಂದ ತಲೆಕೆಳಗಾಗಿ ಕೂರುವುದಿಲ್ಲ. ಕೂರದಿದ್ದರೆ ತಿರುಗಿಸಿ ನೋಡಬೇಕೇ ಹೊರತು ಬಲ ಹಾಕಬಾರದು. ಹಾರ್ಡ್ ಡಿಸ್ಕಿನ ದಪ್ಪ ಸ್ಕ್ರೂ ಎಸ್‌ಎಸ್‌ಡಿಗೆ ಹೊಂದುವುದಿಲ್ಲ, ತಿರುಪಿದರೆ ಮರೆ ಸವೆದುಹೋಗುತ್ತದೆ. ಅದಕ್ಕೆ ಬೇಕಾದದ್ದು ಸಣ್ಣ ಎಂ3 ಸ್ಕ್ರೂ. ಬ್ರಾಕೆಟ್ ಸಿಗಲಿಲ್ಲವೆಂದು ಕೆಲಸ ನಿಲ್ಲಿಸಬೇಕಾಗಿಲ್ಲ, ಅಲುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯನ್ನು ಎರಡು ಬದಿ ಅಂಟುವ ಟೇಪಿನಲ್ಲಿ ಅಂಟಿಸಿದರೂ ನಡೆಯುತ್ತದೆ. ಪವರಿಗೆ ಮಾತ್ರ ಜುಗ್ಗತನ ಬೇಡ. ಹಳೆಯ ನಾಲ್ಕು ಪಿನ್ನಿನ ವೈರಿನಿಂದ ಸಾಟಾಗೆ ಬದಲಿಸುವ ಅಗ್ಗದ, ಅಚ್ಚು ಹೊಯ್ದ ಅಡಾಪ್ಟರುಗಳು ಕರಗಿ ಸುಟ್ಟ ನಿದರ್ಶನಗಳಿವೆ.

ಕೈ ಹೇಗೂ ಒಳಗಿದೆ. ಹಳೆಯ ಹಾರ್ಡ್ ಡಿಸ್ಕಿನ ಡೇಟಾ ಕೇಬಲನ್ನು ಈಗಲೇ ಕಳಚಿಬಿಡಿ. 'ಇನ್‌ಸ್ಟಾಲ್ ಮಾಡುವಾಗ ಹುಷಾರಾಗಿ ಸರಿಯಾದ ಡಿಸ್ಕ್ ಆರಿಸಿದರಾಯಿತು' ಎಂಬ ಆತ್ಮವಿಶ್ವಾಸ ಎಷ್ಟೇ ಇರಲಿ, ಕಳಚಿಬಿಡಿ. ತಪ್ಪು ಡಿಸ್ಕನ್ನು ಫಾರ್ಮ್ಯಾಟ್ ಮಾಡುವ ಅಪಾಯವೂ ಇದರಿಂದಲೇ ತಪ್ಪುತ್ತದೆ.

ಮುಂದಿನ ಎಡವಟ್ಟು ವಿಂಡೋಸ್ ಇನ್‌ಸ್ಟಾಲರ್ ಹಾಕಿಟ್ಟ ಪೆನ್‌ಡ್ರೈವಿನಲ್ಲಿ. ಹಲವು ಬೋರ್ಡುಗಳ ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣುತ್ತದೆ: ಒಂದರ ಮುಂದೆ 'ಯುಇಎಫ್‌ಐ' ಎಂದಿರುತ್ತದೆ, ಇನ್ನೊಂದು ಬೋಳು ಹೆಸರು. ಬೋಳು ಹೆಸರನ್ನು ಆರಿಸಿದರೆ ಇನ್‌ಸ್ಟಾಲರ್ ಹಳೇ ಬಯೋಸ್ ಪದ್ಧತಿಯಲ್ಲಿ ಏಳುತ್ತದೆ. ಡಿಸ್ಕ್ ಜಿಪಿಟಿಯಾಗಿದ್ದರೆ 'ಈ ಡಿಸ್ಕಿಗೆ ವಿಂಡೋಸ್ ಹಾಕಲಾಗದು' ಎಂದು ಹಟ ಹಿಡಿಯುತ್ತದೆ. ಅನೇಕರು ಇದನ್ನು ಡಿಸ್ಕಿನ ದೋಷವೆಂದುಕೊಂಡು ವಾಪಸು ಕೊಡಲು ಅಂಗಡಿಗೆ ಓಡುತ್ತಾರೆ. ಮಾಡಬೇಕಾದದ್ದು ಇಷ್ಟೇ: ಮತ್ತೆ ಶುರುಮಾಡಿ, ಯುಇಎಫ್‌ಐ ಎಂದಿರುವ ಸಾಲನ್ನು ಆರಿಸುವುದು. ಬೂಟ್ ಮೆನು ತೆರೆಯುವ ಕೀ ಒಂದೊಂದು ಕಂಪನಿಯದು ಒಂದೊಂದು. ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಬೋರ್ಡುಗಳಲ್ಲಿ ಎಫ್8, ಎಂಎಸ್‌ಐನಲ್ಲಿ ಎಫ್11.

ವಿಂಡೋಸ್ ಕೂತ ಮೇಲೆ, ಹಳೆಯ ಡಿಸ್ಕ್ ಇನ್ನೂ ಹೊರಗಿರುವಾಗಲೇ, ಎರಡು-ಮೂರು ಸಲ ಆಫ್ ಮಾಡಿ ಆನ್ ಮಾಡಿ. ಸರಾಗವಾಗಿ ಎದ್ದರೆ ಹಳೆಯದರ ಕೇಬಲ್ ಸಿಕ್ಕಿಸಿ, ಬಯೋಸ್ ಸೆಟಪ್ಪಿನ ಬೂಟ್ ಪಟ್ಟಿಯಲ್ಲಿ ಹೊಸದನ್ನು ಮೇಲಕ್ಕೆ ತನ್ನಿ. ಪಟ್ಟಿಯಲ್ಲಿ ಎಸ್‌ಎಸ್‌ಡಿಯ ಹೆಸರಿನ ಬದಲು 'ವಿಂಡೋಸ್ ಬೂಟ್ ಮ್ಯಾನೇಜರ್' ಎಂದು ಇರಬಹುದು. ಪಕ್ಕದಲ್ಲಿ ಡಿಸ್ಕಿನ ಮಾಡೆಲ್ ನೋಡಿ ಗುರುತು ಹಿಡಿಯಬೇಕು. ಹಳೆಯದರಲ್ಲಿ ವಿಂಡೋಸ್ ಇದ್ದರೆ ಇಂಥ ಸಾಲು ಎರಡಿರುತ್ತವೆ.

ಆ್ಯಕ್ಟಿವೇಷನ್ ಬಗ್ಗೆ ಹೆದರುವವರಿಗೆ ಒಂದು ಸಮಾಧಾನ. ವಿಂಡೋಸ್ 10ರ ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಡಿಸ್ಕ್ ಬದಲಾದರೂ ಅದೇ ಆವೃತ್ತಿ ಹಾಕಿ ಇಂಟರ್ನೆಟ್ಟಿಗೆ ಜೋಡಿಸಿದರೆ ಸಾಮಾನ್ಯವಾಗಿ ತಾನಾಗಿಯೇ ಸರಿಹೋಗುತ್ತದೆ.

ಎಲ್ಲವನ್ನೂ ಮೊದಲಿಂದ ಹಾಕುವ ಬದಲು ಹಳೆಯ ಡಿಸ್ಕನ್ನು ಇದ್ದಂತೆಯೇ ನಕಲು ಮಾಡಿಕೊಳ್ಳುವ ದಾರಿಯೂ ಇದೆ. ತೈವಾನಿನಲ್ಲಿ ಹುಟ್ಟಿದ ಕ್ಲೋನ್‌ಝಿಲ್ಲಾ ಎಂಬ ಉಚಿತ ತಂತ್ರಾಂಶ ಈ ಕೆಲಸಕ್ಕೆ ಹೆಸರುವಾಸಿ. ಮಾಮೂಲಿಯಾಗಿ ಅದು ಹೊಸ ಡಿಸ್ಕ್ ಹಳೆಯದಷ್ಟಾದರೂ ದೊಡ್ಡದಿರಬೇಕೆಂದು ಬಯಸುತ್ತದೆ. 1 ಟಿಬಿಯಿಂದ 256 ಜಿಬಿಗೆ ಇಳಿಯುವವರಿಗೆ ಅದು ಸುಲಭವಲ್ಲ. ನಕಲಾದ ಮೇಲೆ ಮೊದಲ ಬಾರಿ ಆನ್ ಮಾಡುವಾಗ ಎರಡನ್ನೂ ಒಟ್ಟಿಗೆ ಇಡಬಾರದು. ಇಬ್ಬರ ಗುರುತಿನ ಸಂಖ್ಯೆಯೂ ಒಂದೇ ಆದ್ದರಿಂದ ವಿಂಡೋಸ್ ಗಲಿಬಿಲಿಗೊಂಡು ಒಂದನ್ನು ಆಫ್‌ಲೈನ್ ಮಾಡುತ್ತದೆ. ವರ್ಷಗಟ್ಟಲೆ ಕಸ ತುಂಬಿಕೊಂಡ ವಿಂಡೋಸನ್ನು ಹೊಸ ಡಿಸ್ಕಿಗೆ ಹೊತ್ತೊಯ್ಯುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ. ಮತ್ತೆ ಹಾಕಲು ಸಿಗದ ತಂತ್ರಾಂಶ ಇದ್ದವರಿಗೆ ಮಾತ್ರ ಈ ದಾರಿ.

ಅಂಥವರು ನಮ್ಮಲ್ಲಿ ಕಡಿಮೆಯೇನಿಲ್ಲ. ಊರೂರಿನ ಡಿಟಿಪಿ ಅಂಗಡಿಗಳನ್ನೇ ನೋಡಿ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಶಾಲೆಯ ಸ್ಮರಣ ಸಂಚಿಕೆ ಎಲ್ಲವೂ ಪೇಜ್‌ಮೇಕರ್ ಕಡತಗಳು, ಯೂನಿಕೋಡಿಗೂ ಮುಂಚಿನ ಕನ್ನಡ ಫಾಂಟುಗಳು. ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದು ಓಡುತ್ತಿರುವ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೊಸಾಫ್ಟ್ 2014ರ ಏಪ್ರಿಲ್ 8ಕ್ಕೇ ಬೆಂಬಲ ನಿಲ್ಲಿಸಿತು. ಆದರೂ ಹಳೆಯ ಗಿರಾಕಿ 'ಹೋದ ವರ್ಷದ್ದೇ, ತಾರೀಕು ಮಾತ್ರ ಬದಲಿಸಿ' ಎಂದು ಬಂದಾಗ ಆ ಡಿಸ್ಕ್ ಬೇಕೇ ಬೇಕು. ಇಂಥಲ್ಲಿ ಎರಡನೇ ಡಿಸ್ಕಿನ ಉಪಾಯಕ್ಕೆ ನಿಜವಾದ ಬೆಲೆ. ಎಕ್ಸ್‌ಪಿ ಡಿಸ್ಕಿನ ತಂಟೆಗೇ ಹೋಗದೆ, ಅದಕ್ಕೆ ಇಂಟರ್ನೆಟ್ ಕೊಡದೆ, ಹೊಸ ಎಸ್‌ಎಸ್‌ಡಿಯಲ್ಲಿ ಹೊಸ ಓಎಸ್ ಹಾಕಿಕೊಂಡು, ಬೇಕಾದಾಗ ಬೂಟ್ ಮೆನುವಿನ ಕೀ ಒತ್ತಿ ಹಳೆಯದಕ್ಕೆ ಹೋಗಿಬರುವುದು.

ಇಲ್ಲಿ ಒಂದು ತೊಡಕಿದೆ. ಎಕ್ಸ್‌ಪಿಗೆ ಸಾಟಾದ ಎಎಚ್‌ಸಿಐ ಪದ್ಧತಿ ಹುಟ್ಟಿನಿಂದ ಬಾರದು. ಹೆಚ್ಚಿನ ಕಡೆ ಬಯೋಸಿನಲ್ಲಿ ಐಡಿಇ ಎಂದು ಇಟ್ಟೇ ಅದನ್ನು ಹಾಕಿರುತ್ತಾರೆ. ಹೊಸ ವಿಂಡೋಸಿಗೆಂದು ಆ ಸೆಟ್ಟಿಂಗ್ ಬದಲಿಸಿದಿರೋ, ಎಕ್ಸ್‌ಪಿ ಏಳುವಾಗ ನೀಲಿ ಪರದೆ, ಅದರಲ್ಲಿ 7ಬಿ ಎಂದು ಕೊನೆಗೊಳ್ಳುವ ಸಂಖ್ಯೆ. ಡಿಸ್ಕ್ ಕೆಟ್ಟಿಲ್ಲ, ಸೆಟ್ಟಿಂಗ್ ಹಿಂದಕ್ಕೆ ಹಾಕಿದರೆ ಎದ್ದು ಬರುತ್ತದೆ. ಎಕ್ಸ್‌ಪಿಗೆ ಜಿಪಿಟಿ ಡಿಸ್ಕನ್ನು ಓದಲೂ ಬಾರದು. ಅದು 'ಫಾರ್ಮ್ಯಾಟ್ ಮಾಡಲೇ' ಎಂಬಂತೆ ಏನಾದರೂ ಕೇಳಿದರೆ ಬೇಡ ಎಂದುಬಿಡಿ.

ಇದೇ ನೀಲಿ ಪರದೆ ಇನ್ನೊಂದು ದಿಕ್ಕಿನಿಂದಲೂ ಬರುವುದುಂಟು. ಬೋರ್ಡಿನಲ್ಲಿ ಸಿಆರ್2032 ಎಂಬ ನಾಣ್ಯದಾಕಾರದ ಬ್ಯಾಟರಿ ಇರುತ್ತದೆ. ವರ್ಷಗಳು ಕಳೆದು ಅದು ಸತ್ತಾಗ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಐಡಿಇ ಸೇರಿ ಬಯೋಸಿನ ಸೆಟ್ಟಿಂಗುಗಳೆಲ್ಲ ಮೂಲಕ್ಕೆ ಮರಳುತ್ತವೆ. ಬೂಟ್ ಪಟ್ಟಿಯಲ್ಲಿ ಹಳೆಯ ಡಿಸ್ಕ್ ಮತ್ತೆ ಮೇಲೇರಬಹುದು. ಕರೆಂಟು ಹೋಗಿಬಂದ ಮರುದಿನ ಹಳೆಯ ವಾಲ್‌ಪೇಪರ್ ಕಂಡು 'ನನ್ನ ಫೈಲುಗಳೆಲ್ಲ ಮಾಯ' ಎಂದು ಗಾಬರಿಗೊಂಡವರ ಪಿಸಿಯಲ್ಲಿ ಆಗಿರುವುದು ಬಹಳ ಸಲ ಇದೇ. ಔಷಧವೂ ಅಂಗಡಿಯಲ್ಲಿ ಸಿಗುವ ಅತಿ ಅಗ್ಗದ ಬಿಡಿಭಾಗವೇ.

ಲ್ಯಾಪ್‌ಟಾಪಿನವರು ಡಿವಿಡಿ ಡ್ರೈವ್ ತೆಗೆದು, ಆ ಜಾಗಕ್ಕೆ ಕ್ಯಾಡಿ ಎಂಬ ತಟ್ಟೆಯಲ್ಲಿ ಎರಡನೇ ಡಿಸ್ಕ್ ಕೂರಿಸಬಹುದು. 9.5 ಮತ್ತು 12.7 ಮಿಲಿಮೀಟರ್ ಎಂಬ ಎರಡು ದಪ್ಪದಲ್ಲಿ ಸಿಗುತ್ತದೆ, ಅಳೆದು ತನ್ನಿ. ಎಸ್‌ಎಸ್‌ಡಿಯನ್ನು ಮೂಲ ಜಾಗಕ್ಕೆ, ಹಳೆಯ ಹಾರ್ಡ್ ಡಿಸ್ಕನ್ನು ಕ್ಯಾಡಿಗೆ ಹಾಕುವುದು ಜಾಣತನ; ಕೆಲವು ಲ್ಯಾಪ್‌ಟಾಪುಗಳು ಡಿವಿಡಿಯ ಜಾಗದಿಂದ ಬೂಟ್ ಆಗಲು ಒಪ್ಪುವುದಿಲ್ಲ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲ್ತಿಯಲ್ಲಿದ್ದರೆ ಬಯೋಸ್ ಮುಟ್ಟುವ ಮೊದಲು ಅದರ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅದು ಕೈಯಲ್ಲಿಲ್ಲದೆ ಬೀಗ ಬಿದ್ದ ಡಿಸ್ಕನ್ನು ಯಾವ ಅಂಗಡಿಯವರೂ ತೆರೆದು ಕೊಡಲಾರರು.

ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಭದ್ರತಾ ಚಿಪ್ಪು, ಹೊಸ ಪ್ರೊಸೆಸರ್ ಇಲ್ಲದ ಪಿಸಿಗಳು ಬಹಳ ಇವೆ. ಅವನ್ನು ಗುಜರಿಗೆ ಹಾಕುವ ಮೊದಲು ಒಂದು ಚಿಕ್ಕ ಎಸ್‌ಎಸ್‌ಡಿಯಲ್ಲಿ ಲಿನಕ್ಸ್ ಹಾಕಿ ನೋಡಿ. ಹಳೆಯ ವಿಂಡೋಸ್ ಅದರ ಡಿಸ್ಕಿನಲ್ಲಿ ಹಾಗೆಯೇ ಇರುತ್ತದೆ. ವಿಂಡೋಸಿನ 'ಫಾಸ್ಟ್ ಸ್ಟಾರ್ಟಪ್' ಮಾತ್ರ ಆಫ್ ಮಾಡಿ. ಅದು ಪಿಸಿಯನ್ನು ಪೂರ್ತಿ ಆರಿಸದೆ ಅರೆನಿದ್ದೆಯಲ್ಲಿ ಬಿಡುವುದರಿಂದ ಆ ಡಿಸ್ಕಿಗೆ ಲಿನಕ್ಸಿನಿಂದ ಬರೆಯಲು ಆಗುವುದಿಲ್ಲ.

ಎಲ್ಲ ಸರಿಹೋದ ಮೇಲೆ ಹಳೆಯ ಡಿಸ್ಕನ್ನು ಏನು ಮಾಡುವುದು? ಫೋಟೊ ಇಡಲು ಬಳಸಿ, ಆದರೆ ಇರುವ ಒಂದೇ ಪ್ರತಿಯನ್ನು ಅದರಲ್ಲಿ ಇಡಬೇಡಿ. ಅದೂ ವರ್ಷಗಟ್ಟಲೆ ತಿರುಗಿ ದಣಿದ ಯಂತ್ರವೇ. ಮಾರುವುದಾದರೆ, ಬೇರೆಯವರಿಗೆ ಕೊಡುವುದಾದರೆ, ಬರೀ ಡಿಲೀಟ್ ಮಾಡಿದರೆ ಅಥವಾ ಕ್ವಿಕ್ ಫಾರ್ಮ್ಯಾಟ್ ಒತ್ತಿದರೆ ಒಳಗಿನದು ಅಳಿಯುವುದಿಲ್ಲ. ಉಚಿತವಾಗಿ ಸಿಗುವ ತಂತ್ರಾಂಶಗಳಿಂದಲೇ ನಿಮ್ಮ ಬ್ಯಾಂಕಿನ ಕಾಗದ, ಮಕ್ಕಳ ಫೋಟೊಗಳನ್ನು ಹೊರತೆಗೆಯಬಹುದು. ವಿಂಡೋಸ್ ವಿಸ್ಟಾದಿಂದೀಚೆಗೆ ಪೂರ್ತಿ ಫಾರ್ಮ್ಯಾಟ್ ಮಾಡಿದರೆ ಆ ಪಾರ್ಟಿಷನ್ನಿನ ಉದ್ದಕ್ಕೂ ಸೊನ್ನೆ ಬರೆಯುತ್ತದೆ. 1 ಟಿಬಿಯ ಡಿಸ್ಕಿಗೆ ಇದು ಗಂಟೆಗಳ ಕೆಲಸ. 'ಕ್ವಿಕ್' ಎಂಬ ಚೌಕದ ಗುರುತನ್ನು ತೆಗೆದು ರಾತ್ರಿ ಹಚ್ಚಿ ಮಲಗಿ, ಬೆಳಗ್ಗೆ ಬಿಚ್ಚಿ ಕೊಡಿ.